ಅಳಿಸಿದ ಸಾಲು

ಕಾಚಿಗೂಡದ ಆ ಮನೆಯ ಪಡಸಾಲೆ ಗೋಡೆಯಲ್ಲಿ ಒಂದು ಚೌಕ ಮಾತ್ರ ಬೆಳ್ಳಗೆ ಉಳಿದುಬಿಟ್ಟಿತ್ತು. ಸುತ್ತಲಿನ ಬಣ್ಣವೆಲ್ಲ ಕಂದಿ, ಹಿಂದೆ ಅಕ್ಕತಂಗಿಯರ ಫೋಟೋ ತೂಗುತ್ತಿದ್ದ ಜಾಗ ಬಂದವರ ಕಣ್ಣಿಗೆ ಹೊಡೆಯುತ್ತಿತ್ತು. ಗಂಡಿನ ಕಡೆಯವರು ಬರುವ ದಿನ ಮನೆಯಾಕೆ ಅಂಬವ್ವ ಅದರ ಮೇಲೆ ಬೇಳೆ ಅಂಗಡಿಯ ಕ್ಯಾಲೆಂಡರ್ ನೇತುಹಾಕಿದಳು. ಮಗಳು ಸೌಂದರ್ಯಾ ಸ್ಟೂಲು ಹತ್ತಿ ಅದನ್ನು ಇನ್ನಷ್ಟು ಎಡಕ್ಕೆ ಸರಿಸಿದಳು.

ಆ ಮನೆಯಲ್ಲಿ ಮುಚ್ಚಿಡಬೇಕಾದದ್ದು ಒಂದೇ ಇತ್ತು, ರೇಣುಕಾ. ಸೌಂದರ್ಯಾಳ ಅಕ್ಕ. ಅಪ್ಪನ ಅಂಗಡಿಗೆ ಟೈಲ್ಸ್ ಹಾಕಲು ಬಂದಿದ್ದ ಯಾದಗಿರಿ ಕಡೆಯ ಗೌಂಡಿ ಮೌನಪ್ಪನ ಮಗ ಸಾಯಿಕುಮಾರನ ಜೊತೆ ಹೋಗಿ ಮದುವೆಯಾದವಳು, ಈಗ ಇದೇ ಊರಿನ ಕುಷಾಯಿಗೂಡದಲ್ಲಿ ಸಂಸಾರ ಮಾಡಿಕೊಂಡಿದ್ದಳು. ಮೌನಪ್ಪನ ಮನೆಯಲ್ಲಿ ನೀರು ಸಹ ಮುಟ್ಟದ ಜಾತಿಯವರು ಅಪ್ಪ ಶಿವಶರಣಪ್ಪನ ಮಂದಿ. ಅಂದಿನಿಂದ ಶಿವಶರಣಪ್ಪ ತನಗೆ ಒಬ್ಬಳೇ ಮಗಳು ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದ. ಆದರೂ ಸೌಂದರ್ಯಾಳಿಗೆ ಬಂದ ಎರಡು ಸಂಬಂಧಗಳು ಯಾರೋ ಕಿವಿಯೂದಿ ಮುರಿದುಬಿದ್ದವು. ಇದು ಮೂರನೆಯದು. ಇದು ಉಳಿಯಬೇಕೆಂದು ಎಲ್ಲರಿಗಿಂತ ಹೆಚ್ಚು ಆಸೆಪಟ್ಟವಳು ಸೌಂದರ್ಯಾಳೇ. ಗಂಡು, ಮಣಿಕೊಂಡದ ಶಾಂತಕುಮಾರ, ಫೋನಿನಲ್ಲಿ ಅವಳ ಮಾತಿಗೆ ಮನಬಿಚ್ಚಿ ನಕ್ಕಿದ್ದ. ಪಿಸುಮಾತಿನಲ್ಲೇ ದಿನ ದೂಡುವ ಈ ಮನೆಯಿಂದ ಆ ನಗುವಿದ್ದ ಕಡೆಗೆ ಹೋಗಿಬಿಡಬೇಕು ಅನಿಸಿತ್ತು.

ಶಾಂತಕುಮಾರನ ತಾಯಿ ಗುರುಬಾಯಿ ಭಾಲ್ಕಿಯ ಕಡೆಯವರು. ಗೊತ್ತಿದ್ದದ್ದನ್ನೇ ಮತ್ತೆ ಕೇಳುವುದು ಹೆಣ್ಣು ನೋಡುವ ಪದ್ಧತಿ. ಆಕೆಯೂ ಮಣೆಯ ಮೇಲೆ ಕೂತ ಸೌಂದರ್ಯಾಳನ್ನು ಕೇಳಿದರು.

"ಹೆಸರೇನವಾ?"

"ಸೌಂದರ್ಯಾರಿ."

"ಅಕ್ಕ ತಂಗಿ, ಅಣ್ಣ ತಮ್ಮ ಎಷ್ಟ ಮಂದಿ?"

"ಒಬ್ಬಾಕೇರಿ," ಎಂದಳು ಸೌಂದರ್ಯಾ. ಅಂಬವ್ವ ಮಂಡಕ್ಕಿ ಸೂಸಲದ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ತಟ್ಟೆಗಳಿನ್ನೂ ಖಾಲಿಯಾಗಿರಲಿಲ್ಲ.

ಆಗ ಬಾಯಿ ಹಾಕಿದವಳು ಶಾಂತಕುಮಾರನ ಅಕ್ಕ ಪ್ರಿಯಂವದಾ. ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಇಂಗ್ಲಿಷ್ ಮನೆಮಾತಲ್ಲದವರು ಇಂಗ್ಲಿಷ್ ಬರೆಯುವಾಗ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ನೋಡುವುದೇ ಅವಳ ಕೆಲಸ.

"ನಮ್ಮವ್ವನ ಕಾಲದಾಗ ಹುಡುಗಿಗೆ ಹಾಡು ಅಂತಿದ್ರು. ನಾ ಬರಿ ಅಂತೀನಿ, ಅಷ್ಟ," ಎಂದು ನಗುತ್ತ ಲ್ಯಾಪ್‌ಟಾಪ್ ತೆಗೆದಳು. "ಪರೀಕ್ಷಾ ಅಲ್ರಿ ಇದು. ನನಗ ಬರಿಯೋ ಮಂದಿ ಬೇಕಾಗ್ಯಾರ. ಇಂಗ್ಲಿಷ್ ಹ್ಯಾಂಗ ಕಲತಿ ಅಂತ ಒಂದ ಪುಟ ಬರದ್ರ ಸಾಕು. ನೀ ಬರದದ್ದೆಲ್ಲಾ ಇದು ನೆನಪಿಟ್ಕೊಂತೈತಿ."

"ಬರೀತಾಳ್ರಿ," ಎಂದ ಶಿವಶರಣಪ್ಪ ಎದೆಯುಬ್ಬಿಸಿ. "ಈಕಿ ಕೆಲಸಾ ಮಾಡೋ ಟ್ರಾನ್ಸ್‌ಪೋರ್ಟ್ ಆಫೀಸಿನ ಮೇಲ್ ಎಲ್ಲಾ ಈಕೀನ ಬರಿಯೋದು."

ಸೌಂದರ್ಯಾ ಒಳಕೋಣೆಯಲ್ಲಿ ಒಬ್ಬಳೇ ಕೂತಳು. ಇಂಗ್ಲಿಷ್ ಬರೆಯಲು ಅವಳಿಗೊಂದು ದಾರಿಯಿತ್ತು. ಹೇಳಬೇಕಾದದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡದಲ್ಲಿ ಬಡಿದುಬಿಡುವುದು, ಅದನ್ನು ನೋಡುತ್ತ ಕೆಳಗೆ ಇಂಗ್ಲಿಷ್ ಮಾಡುವುದು, ಆಮೇಲೆ ಮೇಲಿನದನ್ನು ಅಳಿಸುವುದು. ಶಾಲೆಯ ದಿನಗಳಲ್ಲಿ ಸ್ಲೇಟು ಹಿಡಿದು ಇದನ್ನು ಕಲಿಸಿದವಳು ರೇಣುಕಾ. "ಮೊದಲ ಕನ್ನಡದಾಗ ಬರಿ. ಆಮ್ಯಾಲ ಅಳಸು. ಯಾರಿಗೆ ಗೊತ್ತಾಗ್ತದ?" ಎನ್ನುತ್ತಿದ್ದಳು. ಅಂದಿನಿಂದ ಒಂದು ಮೇಲ್ ಕೂಡ ಸೌಂದರ್ಯಾ ಬೇರೆ ರೀತಿಯಲ್ಲಿ ಬರೆದಿರಲಿಲ್ಲ. ಅಳಿಸಿದ್ದು ಹೋಯಿತು ಎಂದೇ ಆಫೀಸಿನ ಕಂಪ್ಯೂಟರು ಅವಳಿಗೆ ಕಲಿಸಿತ್ತು.

ಬೆರಳು ತನ್ನ ರೂಢಿಯಂತೆ ಓಡಿತು. ಓಡಿ, ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಅವಳು ಒಂದು ಸಾಲನ್ನು ಅಳಿಸಿ ಅದರ ಜಾಗದಲ್ಲಿ ಅಪ್ಪನ ಹೆಸರು ಹಾಕಿದಳು. ಪುಟ ಮುಗಿದಾಗ ತನಗೇ ಮೆಚ್ಚಿಗೆಯಾಯಿತು. ಚೆನ್ನಾಗಿ ಬಂದಿತ್ತು.

"ಈಗ ನನ್ನ ಜೋಡಿ ಕೂತು ನೋಡಬೇಕು," ಎಂದಳು ಪ್ರಿಯಂವದಾ. "ತಡಮಾಡಿದ್ರ ಬರಿಯೋ ಮುಂದ ಏನ ಯೋಚನಿ ಬಂದಿತ್ತು ಅನ್ನೋದು ಮರತುಹೋಗ್ತದ."

"ನೋಡೋದೇನೈತಿ?"

"ನೀ ಬರದದ್ದು. ಬರದಂಗ ಬರದಂಗ ಕಾಣಸ್ತದ."

ಗುರುಬಾಯಿ ಕೂತಲ್ಲಿಂದಲೇ ಕರೆದರು. "ಅಲ್ಲೇನ ಇಬ್ಬರ ನೋಡ್ತೀರಿ, ಇಲ್ಲೇ ತರ್ರಿ. ನಾವೂ ನೋಡೋಣು."

ಲ್ಯಾಪ್‌ಟಾಪ್ ಪಡಸಾಲೆಯ ಟೀಪಾಯಿಯ ಮೇಲೆ ಬಂತು. ಖಾಲಿ ಪುಟದಲ್ಲಿ ಅಕ್ಷರಗಳು ಒಂದೊಂದಾಗಿ ಹುಟ್ಟತೊಡಗಿದವು, ಕಾಣದ ಯಾರೋ ಬರೆಯುತ್ತಿರುವ ಹಾಗೆ. ಹುಟ್ಟಿದವು ಬಾಲದ ಕಡೆಯಿಂದ ಹಿಂದಕ್ಕೆ ಸಾಯುತ್ತಲೂ ಇದ್ದವು. ಸೌಂದರ್ಯಾಳಿಗೆ ಆಗ ಹೊಳೆಯಿತು. ಅಳಿಸಿದ್ದು ಎಲ್ಲೂ ಹೋಗಿರಲಿಲ್ಲ.

"ಅರೆ, ಕನ್ನಡ ಬರ್ಯಾಕತ್ತಾಳ ನೋಡ್ರಿ," ಎಂದು ಪ್ರಿಯಂವದಾ ಚಪ್ಪಾಳೆ ತಟ್ಟಿದಳು. "ಮೇಲ ಕನ್ನಡ, ಕೆಳಗ ಇಂಗ್ಲಿಷ್. ಆಮ್ಯಾಲ ಕನ್ನಡದ್ದ ಕುತ್ತಿಗಿ ಹಿಚಕ್ತಾಳ. ಶಾಂತೂ, ನಿನಗ ಸಿಟ್ಟ ಬಂದಾಗ ಈಕಿ ಒಳಗೊಂದ ಬೈದು ಹೊರಗೊಂದ ಅಂತಾಳಲೇ."

ಎಲ್ಲರೂ ನಕ್ಕರು. ಶಾಂತಕುಮಾರನೂ ನಕ್ಕ.

"ಸಾಕ್ರಿ ಅಕ್ಕಾರ, ಬಂದ್ ಮಾಡ್ರಿ," ಎಂದಳು ಸೌಂದರ್ಯಾ.

"ನಾಚಕೊಂತಿ ಯಾಕ? ಇಲ್ಲಿ ನೋಡು, ಇಲ್ಲಿ ಭಾಳ ಹೊತ್ತ ನಿಂತೀದಿ. ಇಂಥಾ ನಿಲ್ಲೋದು ನನಗ ಎಲ್ಲೂ ಸಿಕ್ಕಿಲ್ಲ." ಪ್ರಿಯಂವದಾ ಬೆರಳಿಟ್ಟು ಗಟ್ಟಿಯಾಗಿ ಓದಿದಳು. "ನಮ್ಮಕ್ಕ ರೇಣುಕಾ ನನಗ ಇಂಗ್ಲಿಷ್ ಕಲಿಸಿದ್ಲು."

ಓದಿ ಮುಗಿಯುವಷ್ಟರಲ್ಲಿ ಸಾಲು ಅಳಿಸಿಹೋಯಿತು.

"ಯಾರು ರೇಣುಕಾ?" ಎಂದರು ಗುರುಬಾಯಿ. "ಒಬ್ಬಾಕೇ ಅಂದಿದ್ಯಲ್ಲ?"

ಪ್ರಿಯಂವದಾಳ ಕಣ್ಣುಗಳು ಮಿಂಚುತ್ತಿದ್ದವು. "ಇಲ್ಲಿ ನಿಂತಾಗ ನಿನ್ನ ಮನಸಿನಾಗ ಏನ ಬಂತು? ಖರೇ ಹೇಳು. ನಾ ಇದನ್ನ ಬರಕೋಬೇಕು."

ಸೌಂದರ್ಯಾ ಅಪ್ಪನನ್ನು ನೋಡಿದಳು. ಅವನು ಕ್ಯಾಲೆಂಡರ್ ನೋಡುತ್ತಿದ್ದ. ಶಾಂತಕುಮಾರನನ್ನು ನೋಡಿದಳು. ಅವನ ಮುಖದ ನಗು ಹೋಗುವುದೋ ಇರುವುದೋ ತಿಳಿಯದೆ ಅರ್ಧಕ್ಕೆ ನಿಂತಿತ್ತು.

"ಆಕಿ ಇಲ್ರಿ," ಎಂದಳು. ಅದು ಸಾಲದೆಂದು ತಿಳಿಯಿತು. "ಸತ್ತುಹೋಗ್ಯಾಳ್ರಿ."

"ಡೆಂಗಿ ಜ್ವರಾರಿ," ಎಂದು ಶಿವಶರಣಪ್ಪ ತಟ್ಟನೆ ಸೇರಿಸಿದ. "ಮೂರ ದಿನದಾಗ ಹೋದ್ಲು. ಹೆಸರ ತಗೊಂಡ್ರ ಈಕಿ ಅವ್ವ ಊಟಾ ಬಿಡ್ತಾಳ್ರಿ, ಅದಕ್ಕ ಹೇಳಂಗಿಲ್ಲ."

ಒಳಬಾಗಿಲಲ್ಲಿ ನಿಂತಿದ್ದ ಅಂಬವ್ವ ಸೆರಗು ಬಾಯಿಗೆ ಒತ್ತಿಕೊಂಡು ಕುಸಿದು ಕೂತಳು. ಅದನ್ನು ಕಂಡ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಗುರುಬಾಯಿ ಎದ್ದುಹೋಗಿ ಅವಳನ್ನು ತಬ್ಬಿದರು. "ಹೆತ್ತ ಹೊಟ್ಟಿ. ನನಗ ತಿಳೀತದ," ಎಂದರು. ಪ್ರಿಯಂವದಾಳ ಕಣ್ಣಲ್ಲೂ ನೀರು ಬಂತು. ಇಷ್ಟು ಹೊತ್ತು ತಮಾಷೆ ಮಾಡಿದ್ದಕ್ಕೆ ಕ್ಷಮಿಸು ಎಂದಳು. ಆ ಸಾಲಿನ ಎದುರಿಗೆ 'ದುಃಖ' ಎಂದು ಬರೆದುಕೊಂಡಳು.

ಸಂಬಂಧ ಮುರಿಯಲಿಲ್ಲ. ಗಟ್ಟಿಯಾಯಿತು. ಆದರೆ ಗುರುಬಾಯಿ ಹೊರಡುವಾಗ ಒಂದು ಮಾತು ಹೇಳಿದರು.

"ಮದಿವ್ಯಾಗದ ಅಕ್ಕ ಹೋಗಿದ್ರ, ತಂಗಿ ಮದಿವಿಗಿಂತ ಮೊದಲ ಆಕಿಗೆ ಸೀರಿ ಏರಿಸಿ ಅಪ್ಪಣಿ ಕೇಳಬೇಕವಾ. ನಮ್ಮ ಮನ್ಯಾಗ ನಡಕೊಂಡ ಬಂದದ್ದು. ಸೀರಿ ನಾನ ತರ್ತೀನಿ. ನೀವು ಫೋಟೋ ಇಟ್ಟಿರ್ರಿ."

ಮುಂದಿನ ಶುಕ್ರವಾರ ಫೋಟೋ ಬಂತು, ಸೀರೆ ಹಿಡಿದು ಗುರುಬಾಯಿ, ಪ್ರಿಯಂವದಾ ಇಬ್ಬರೂ ಬಂದರು. ಅಕ್ಕತಂಗಿಯರ ಹಳೆಯ ಚಿತ್ರದಿಂದ ರೇಣುಕಾಳನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಅವಳ ಭುಜದ ಮೇಲೆ ಸೌಂದರ್ಯಾಳ ನಾಲ್ಕು ಬೆರಳು ಹಾಗೇ ಉಳಿದಿದ್ದವು. ಶಿವಶರಣಪ್ಪ ಕ್ಯಾಲೆಂಡರ್ ತೆಗೆದು ಬಿಳಿ ಚೌಕದ ಮೇಲೆ ಅದನ್ನು ತೂಗುಹಾಕಿದ. ಮಾಲೆ ಹಾಕಲು ಅಂಬವ್ವನ ಕೈ ಏಳಲಿಲ್ಲ.

"ಹಾಕು," ಎಂದು ಗಂಡ ಪಿಸುಗುಟ್ಟಿದ. "ಗುರುಬಾಯಾರು ನೋಡಾಕತ್ತಾರ."

ಅಂಬವ್ವ ಹಾಕಿದಳು. ಅವಳು ಹಿಂದಿನ ದಿನವಷ್ಟೇ ಗಂಡ ಅಂಗಡಿಗೆ ಹೋದ ಮೇಲೆ ಆ ಮಗಳ ಜೊತೆ ಫೋನಿನಲ್ಲಿ ಮಾತಾಡಿದ್ದಳು. ಬಸುರಿ ರೇಣುಕಾಳಿಗೆ ಆಗ ಏಳು ತಿಂಗಳು ನಡೆಯುತ್ತಿತ್ತು. ಗುರುಬಾಯಿ ಹಸಿರು ಇಳಕಲ್ ಸೀರೆಯನ್ನು ಫೋಟೋದ ಕೆಳಗಿಟ್ಟು, ಅರಿಷಿಣ ಕುಂಕುಮ ಏರಿಸಿ, ಸೌಂದರ್ಯಾಳನ್ನು ಮುಂದಕ್ಕೆ ನೂಕಿದರು. "ಹೆಸರು ಹಿಡಿದು ಕೇಳವಾ. ಮನಸಿಟ್ಟು ಕೇಳು."

"ರೇಣಕ್ಕಾ," ಎಂದಳು ಸೌಂದರ್ಯಾ. "ನಾ ಹೋಗಲೇನ?"

ಫೋಟೋದ ಮೇಲಿನ ಹೂವೊಂದು ಜಾರಿ ಕೆಳಗೆ ಬಿತ್ತು. ಬಲಕ್ಕೆ ಬಿತ್ತೆಂದು ಗುರುಬಾಯಿ ಸಂತೋಷಪಟ್ಟರು. ಊಟ ಮಾಡಿ, ಸೀರೆಯನ್ನು ಬಡ ಮುತ್ತೈದೆಗೆ ಕೊಡಿ ಎಂದು ಹೇಳಿ ಹೋದರು.

ಅವರ ಆಟೋ ಓಣಿ ದಾಟುತ್ತಲೇ ಅಂಬವ್ವನ ಫೋನಿಗೆ ಮೆಸೇಜು ಬಂತು. ರೇಣುಕಾ ಬರೆದಿದ್ದಳು. ತಂಗಿಯ ಮದುವೆ ನಿಶ್ಚಯವಾಯಿತಂತೆ, ಖುಷಿಯಾಯಿತು. ಮಂಟಪದ ಒಳಗೆ ಬರುವುದಿಲ್ಲ, ಎದುರಿನ ಅಂಗಡಿಯ ಹತ್ತಿರ ನಿಂತು ನೋಡಿ ಹೋಗುತ್ತೇನೆ.

ಅಂಬವ್ವ ಮುಚ್ಚಿಡುವಷ್ಟರಲ್ಲಿ ಶಿವಶರಣಪ್ಪ ಓದಿದ್ದ. ಫೋನನ್ನು ಸೌಂದರ್ಯಾಳ ಕೈಗೆ ಕೊಟ್ಟ. "ಆ ಪ್ರಿಯಂವದಾ ಫೋಟೋ ನೋಡಿ ಹೋಗ್ಯಾಳ. ಈಕಿ ಅಲ್ಲಿ ಬಂದು ನಿಂತ್ರ ಗುರತ ಹಿಡೀತಾಳ. ನಿನಗ ಈ ಸಂಬಂಧ ಬೇಕಂದ್ರ, ಬರಬ್ಯಾಡ ಅಂತ ನೀನ ಬರಿ."

ಸೌಂದರ್ಯಾ ಫೋಟೋದ ಕೆಳಗೇ ಕೂತು ಬರೆಯತೊಡಗಿದಳು. 'ಅಕ್ಕಾ, ನಾನು ಸೌಂದಿ' ಎಂದಳು, ಅಳಿಸಿದಳು. 'ತಪ್ಪು ತಿಳ್ಕೋಬ್ಯಾಡ' ಎಂದಳು, ಅಳಿಸಿದಳು. ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಳು, ಅದನ್ನೂ ಅಳಿಸಿದಳು. ಆ ಕಡೆ ರೇಣುಕಾ ಫೋನು ಹಿಡಿದೇ ಕೂತಿರಬೇಕು. ಇವಳು ಬರೆಯುವುದು, ನಿಲ್ಲಿಸುವುದು ಅವಳ ಪರದೆಯ ಮೇಲೆ ಕಾಣುತ್ತಿತ್ತು. ಅಲ್ಲಿಂದಲೇ ಮೆಸೇಜು ಬಂತು.

'ಯಾರಿದು, ಸೌಂದಿ ಏನ? ಅವ್ವ ಇಷ್ಟ ಹೊತ್ತ ಬರಿಯಾಕಿ ಅಲ್ಲ. ಮೊದಲ ಕನ್ನಡದಾಗ ಬರಿ. ಆಮ್ಯಾಲ ಅಳಸು.'

ಕೆಳಗೊಂದು ನಗುವ ಮುಖ ಹಾಕಿದ್ದಳು.

ಸೌಂದರ್ಯಾ ಕನ್ನಡದಲ್ಲಿ ಬರೆದಳು. 'ನೀ ಸತ್ತೀ ಅಂತ ಹೇಳೀವಿ. ಫೋಟೋಕ್ಕ ಮಾಲಿ ಹಾಕೀವಿ. ಬರಬ್ಯಾಡ.' ಈ ಸಲ ಅಳಿಸಲಿಲ್ಲ. ಕಳಿಸಿದಳು.

ಎರಡು ಗೀಟುಗಳು ನೀಲಿಯಾದವು. ಆ ಕಡೆ ಬರೆಯುತ್ತಿದ್ದಾಳೆ ಎಂದು ತೋರಿತು. ನಿಂತಿತು. ಮತ್ತೆ ತೋರಿತು. ಮತ್ತೆ ನಿಂತಿತು. ಇಂಥ ನಿಲುಗಡೆಯಲ್ಲಿ ಏನಿರುತ್ತದೆ ಎಂದು ಸೌಂದರ್ಯಾಳಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ.

"ಏನಂದ್ಲು?" ಎಂದಳು ಅಂಬವ್ವ, ಹಸಿರು ಸೀರೆಯನ್ನು ಮಡಿಲಲ್ಲಿ ಹಿಡಿದುಕೊಂಡು.

"ಬರ್ಯಾಕತ್ತಾಳ," ಎಂದಳು ಸೌಂದರ್ಯಾ.

ಸ್ವಲ್ಪ ಹೊತ್ತು ಬಿಟ್ಟು ಅಂಬವ್ವ ಮತ್ತೆ ಕೇಳಿದಳು.

"ಇನ್ನೂ ಬರ್ಯಾಕತ್ತಾಳವಾ."