ಕಾನೂನು ಬರುವುದರೊಳಗೆ

ನಮ್ಮ ಮನೆಯ ಟೀವಿ ಅಡುಗೆಮನೆ ಬಾಗಿಲಿಗೆ ಎದುರಾಗಿದೆ. ಹಾಗಾಗಿ ದೇಶದ ದೊಡ್ಡ ದೊಡ್ಡ ಜಗಳಗಳನ್ನೆಲ್ಲ ನಾನು ಪಾತ್ರೆ ತೊಳೆಯುತ್ತಲೇ ಕೇಳಿದವಳು. ಆಗ ಸಂಸತ್ತಿನಲ್ಲಿ ನಡೆಯುತ್ತಿದ್ದದ್ದು ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಬಹುದೇ ಎಂಬ ಮಸೂದೆಯ ಚರ್ಚೆ. ಒಬ್ಬರು ವ್ಯಕ್ತಿಸ್ವಾತಂತ್ರ್ಯ ಎನ್ನುವರು, ಇನ್ನೊಬ್ಬರು ಸಂಸಾರವೇ ಮುಳುಗಿಹೋಗುತ್ತದೆ ಎನ್ನುವರು. ಬಿಳಿ ಮೀಸೆಯ ಸದಸ್ಯರೊಬ್ಬರು ಎದ್ದುನಿಂತರು. ಹಿಂದೆಯೂ ಇಂಥವರಿದ್ದರು, ಸುಮ್ಮನೆ ಒಂದು ಹೆಣ್ಣನ್ನು ಕಟ್ಟಿಕೊಂಡು ಮರ್ಯಾದೆಯಿಂದ ಬಾಳಿದರು, ಅದರಿಂದ ಯಾರ ಗಂಟು ಹೋಯಿತು ಎಂದರು. ಅವರ ಕಡೆಯವರು ಮೇಜು ಕುಟ್ಟಿದರು. ನಾನು ಬಾಣಲೆ ಉಜ್ಜುತ್ತಿದ್ದೆ. ಅಯ್ಯಾ ಮಹಾರಾಯ, ಆ ‘ಒಂದು ಹೆಣ್ಣು’ ನಾನೇ.

ನಮ್ಮ ಯಜಮಾನರದು ಕನ್ನಡಕದ ಅಂಗಡಿ. ಪಕ್ಕದ್ದು ಗಡಿಯಾರ ರಿಪೇರಿಯವರದು. ನಮ್ಮ ಮದುವೆಯಾದ ಹೊಸತರಿಂದಲೂ ಅವರಿಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಒಂದು ಮಧ್ಯಾಹ್ನ ಡಬ್ಬಿ ಕೊಡಲು ಹೋದಾಗ ಹೊರಗೆ ಮೆಟ್ಟಿಲ ಮೇಲೇ ಇವರ ನಗು ಕೇಳಿಸಿತು. ಆ ಹೊತ್ತಿಗೆ ನನ್ನ ಮಗ ನಡೆದಾಡುವಷ್ಟು ದೊಡ್ಡವನಾಗಿದ್ದ. ಅಂಥ ನಗುವೊಂದು ಇವರಲ್ಲಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಗಡಿಯಾರದವರು ಆಮೇಲೆ ಅಂಗಡಿ ಮುಚ್ಚಿ ಊರು ಬಿಟ್ಟರು. ಇವರು ಮೂರು ಹೊತ್ತೂ ಉಣ್ಣುವುದನ್ನು ಬಿಡಲಿಲ್ಲ, ನಗುವುದನ್ನು ಬಿಟ್ಟರು.

ಕೆಟ್ಟವರಲ್ಲ. ಕೈಯೆತ್ತಿದವರಲ್ಲ, ಕುಡಿದವರಲ್ಲ. ಜ್ವರ ಬಂದರೆ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಆದರೆ ನಿದ್ದೆಯಲ್ಲೂ ಅವರ ಕೈ ನನ್ನ ಕೈಗೆ ತಾಗದಂತೆ ಮಲಗುತ್ತಿದ್ದರು. ನನ್ನಲ್ಲೇ ಏನೋ ಕೊರತೆಯಿದೆ ಎಂದು ಕನ್ನಡಿ ನೋಡಿಕೊಳ್ಳುವುದರಲ್ಲೇ ನನ್ನ ಒಳ್ಳೆಯ ವಯಸ್ಸೆಲ್ಲ ಕಳೆಯಿತು. ಓದುವ ತಾಯಂದಿರೇ, ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಮಾತು ನಿಮ್ಮ ಬಾಯಲ್ಲೂ ಬಂದಿದ್ದರೆ, ಅದರ ಕೆಳಗೆ ಎರಡು ಜೀವ ನಲುಗುತ್ತವೆ ಎಂಬುದನ್ನು ಮಾತ್ರ ಮರೆಯಬೇಡಿ.

ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಗ್ನಿಶಾಮಕ ದಳದ ಒಬ್ಬ ಹುಡುಗ ಅವನ ಜೊತೆ ಮನೆಗೆ ಬರುತ್ತಿದ್ದ. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕಾದವನು, ಅದಕ್ಕೇ ಉದ್ದಣ್ಣ ಎಂದು ಕರೆಯುತ್ತಿದ್ದೆವು. ಮಸೂದೆ ಪಾಸಾದರೆ ತಾವಿಬ್ಬರೂ ಮದುವೆಯಾಗುತ್ತೇವೆ ಎಂದು ಮಗ ಒಂದು ದಿನ ಊಟಕ್ಕೆ ಕೂತಾಗ ಹೇಳಿದ. ಹೇಳಿದ್ದೇ ತಡ, ನಮ್ಮ ಅತ್ತೆ ಹೆಣ್ಣು ಹುಡುಕಲು ಹೊರಟರು. ಅವರ ಪಾಲಿಗೆ ಕಾನೂನು ಎಂದರೆ ಊರಿನತ್ತ ಬರುತ್ತಿರುವ ಸಾಂಕ್ರಾಮಿಕ. ಅದು ಬರುವುದರೊಳಗೆ ಮೊಮ್ಮಗನಿಗೆ ಮದುವೆ ಮಾಡಿಬಿಟ್ಟರೆ ತಗುಲುವುದಿಲ್ಲವಂತೆ. ಚರ್ಚೆ ಜೋರಾದ ದಿನ ಇಲ್ಲಿ ಫೋನುಗಳ ಸುರಿಮಳೆ. ಸಭೆ ಮುಂದೂಡಿದ ದಿನ ಅತ್ತೆಗೆ ಗೊರಕೆ ಹೊಡೆಯುವಷ್ಟು ನಿದ್ದೆ.

“ಗಂಡಸ್ರು ಹಾಗೇನೇ ಕಣೇ, ಒಂದು ಮಗು ಆದ್ರೆ ಎಲ್ಲ ಸರಿಹೋಗುತ್ತೆ” ಎಂದರು ನನಗೆ.

“ಬರೋ ಹುಡುಗಿ ಏನು ಮಾತ್ರೆನಾ ಅತ್ತೆ, ನುಂಗಿಸಿ ಗುಣ ಮಾಡೋಕೆ? ಅವನಿಗೆ ಕಾಯಿಲೆ ಇಲ್ಲ. ಯಾರ ಜೊತೆ ಬಾಳಬೇಕು ಅನ್ನೋದು ಅವನಿಗೆ ಬಿಟ್ಟಿದ್ದು. ಆ ಹುಡುಗಿ ಬಾಳೂ ಅಷ್ಟೇ, ಅವಳದು.”

ಅತ್ತೆ ಮಾರನೆಯ ದಿನದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಇವರಾದರೂ ಮಗನ ಪರ ನಿಲ್ಲುತ್ತಾರೆ, ಇವರಿಗಲ್ಲದೆ ಇನ್ಯಾರಿಗೆ ಅರ್ಥವಾದೀತು ಎಂದುಕೊಂಡು ಕೇಳಿದೆ. ಇವರು ನನ್ನ ಮುಖ ನೋಡದೆ, “ನಾನು ಮಾಡ್ಕೊಂಡಿಲ್ವಾ?” ಎಂದರು. ಬಾಯಿಂದ ಬಿದ್ದ ಮಾತಿಗೆ ಅವರೇ ಗಾಬರಿಯಾಗಿ, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ನಡೆದರು.

ವಾರ ಕಳೆಯುವುದರಲ್ಲಿ ಅತ್ತೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದರು. ಅವರನ್ನು ಎತ್ತಿ ಮಲಗಿಸಿದ ಮಗ ಗೋಡೆಗೆ ಒರಗಿ, “ಸಾಕಾಗಿದೆ ಅಮ್ಮ. ಅಜ್ಜಿ ಹೇಳಿದ ಹಾಗೇ ಆಗ್ಲಿ ಬಿಡು” ಎಂದ. ಅವನ ಮುಖ ನೋಡಿದೆ. ಅಪ್ಪನ ಮುಖವೇ ಅಲ್ಲಿ ಬಂದು ಕೂತಿತ್ತು.

ಭಾನುವಾರ ಅತ್ತೆ ಗೊತ್ತುಮಾಡಿದ ಹುಡುಗಿಯನ್ನು ಕರೆದುಕೊಂಡು ಅವಳ ತಾಯಿ ಬಂದರು. ಹುಡುಗಿಗೆ ಔಷಧಿ ಅಂಗಡಿಯಲ್ಲಿ ಕೆಲಸವಂತೆ. ಚಟಪಟ ಮಾತು, ಚಹಾಕ್ಕೆ ಸಕ್ಕರೆ ಮರೆತಿದ್ದಕ್ಕೆ ನನ್ನನ್ನೇ ಛೇಡಿಸಿ ನಕ್ಕಳು. ಇಷ್ಟವಾದಳು, ಅದೇ ನನಗೆ ಇನ್ನಷ್ಟು ಸಂಕಟ. ಅತ್ತೆ ಮೊಮ್ಮಗನ ಗುಣಗಾನ ಮುಗಿಸಿದ ಮೇಲೆ ಆ ತಾಯಿ ನನ್ನ ಕಡೆ ತಿರುಗಿದರು.

“ನೀವೂ ಈ ಮನೆಗೆ ಸೊಸೆಯಾಗಿ ಬಂದವರು. ಅದಕ್ಕೇ ನಿಮ್ಮನ್ನೇ ಕೇಳ್ತೀನಿ. ನನ್ನ ಮಗಳು ಇಲ್ಲಿ ಸುಖವಾಗಿರ್ತಾಳಾ?”

ಅತ್ತೆ ನನ್ನನ್ನು ದಿಟ್ಟಿಸಿದರು. ಹೂಂ ಎಂದರೆ ಮುಗಿಯಿತು. ಇನ್ನೊಬ್ಬಳು ಕನ್ನಡಿ ನೋಡಿಕೊಳ್ಳಲು ಶುರುಮಾಡುತ್ತಾಳೆ.

“ಇರಲ್ಲ” ಎಂದೆ. “ನನ್ನ ಮಗ ಚಿನ್ನದಂಥವನು. ಆದ್ರೆ ಅವನ ಮನಸ್ಸು ಬೇರೆ ಕಡೆ ಇದೆ. ಮನಸ್ಸು ಬೇರೆ ಕಡೆ ಇಟ್ಟವರ ಜೊತೆ ಸಂಸಾರ ಮಾಡೋದು ಏನೂಂತ ನನಗೆ ಗೊತ್ತು. ನಿಮ್ಮ ಮಗಳಿಗೆ ಅದು ಬೇಡ.”

ಮಗ ಎದ್ದು ಬಂದು ಹುಡುಗಿಯ ಮುಂದೆ ನಿಂತ. ಕ್ಷಮೆ ಕೇಳಿದ, ತಾನೇ ಮೊದಲು ಹೇಳಬೇಕಿತ್ತು ಎಂದ. ಅವಳು ತಲೆಯಾಡಿಸಿ ತಾಯಿಯ ಕೈ ಹಿಡಿದು ಎಬ್ಬಿಸಿದಳು. ಆ ತಾಯಿ ಹೋಗುವಾಗ ನನ್ನ ಭುಜವನ್ನೊಮ್ಮೆ ಒತ್ತಿದರು. ಅತ್ತೆ, ಮನೆಯ ಮಾನ ಹರಾಜಿಗಿಟ್ಟಳು ಎಂದು ಬೈಯುತ್ತಾ ಕೋಣೆಗೆ ಹೋದರು. ಬೈಯುವಷ್ಟು ಶಕ್ತಿಯಿದೆಯಲ್ಲ ಎಂದುಕೊಂಡೆ. ಮಗ ಉದ್ದಣ್ಣನನ್ನು ನೋಡಲು ಓಡಿದ.

ಇವರು ಕುರ್ಚಿಯಲ್ಲೇ ಕೂತಿದ್ದರು. ನಾನು ಲೋಟಗಳನ್ನು ಎತ್ತುತ್ತಿದ್ದಾಗ ಮೆಲ್ಲಗೆ, “ಎಲ್ಲ ಗೊತ್ತಿತ್ತಾ ನಿನಗೆ?” ಎಂದರು.

“ಗೊತ್ತಿತ್ತು.”

“ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ, ಸುಖವಾಗಿಲ್ಲಾಂತ?”

“ಯಾರೂ ಕೇಳಿರಲಿಲ್ವಲ್ಲ ರೀ” ಎಂದೆ. “ಇವತ್ತು ಆ ತಾಯಿ ಕೇಳಿದ್ರು.”