ದುಂಡಗೇ ಉಳಿದ ಕೋಶಗಳು

ಇವತ್ತೂ ಹಿಡಿದಿರಲಿಲ್ಲ. ಪ್ರಯೋಗಾಲಯದಲ್ಲಿ ಅವನ ಸೂಕ್ಷ್ಮದರ್ಶಕದಡಿ ಜೀವಕೋಶಗಳು ಚೆಲ್ಲಿದ ಕಾಳಿನ ಹಾಗೆ ದುಂಡಗೆ ಬಿದ್ದುಕೊಂಡಿದ್ದವು.

ಬರೀ ಹೈಡ್ರೋಜೆಲ್ ಎಂದರೆ ನೀರು ಕುಡಿದ ಮೆತ್ತನೆ ಹಾಸಿಗೆ. ಅದರ ಮೇಲೆ ಕೋಶ ಕಾಲೂರುವುದಿಲ್ಲ. ಮೊದಲು ಕೊಂಡಿಯ ರಾಸಾಯನಿಕ ಸವರಬೇಕು, ಅದು ನೀರಿನಲ್ಲಿ ಶಕ್ತಿಗುಂದಿ ಸಾಯುವ ಮೊದಲೇ ಪ್ರೋಟೀನ್ ಹಾಕಬೇಕು. ಆಗ ಪ್ರೋಟೀನ್ ಜೆಲ್ಲಿಗೆ ಕಚ್ಚಿಕೊಳ್ಳುತ್ತದೆ, ಕೋಶ ಪ್ರೋಟೀನಿಗೆ.

ನಿನ್ನೆ ಕೊಂಡಿ ಸವರಿದ ಹೊತ್ತಿಗೇ ಹೆಂಡತಿಯ ಫೋನು. ಅವಳ ಮೊದಲ ಮದುವೆಯ ಮಗಳು ಅಜ್ಜಿ ಮನೆಗೇ ಹೋಗಿಬಿಡುತ್ತೇನೆ ಅನ್ನುತ್ತಿದ್ದಾಳಂತೆ. ನಾಳೆ ನೀವೇ ಮಾತಾಡಿ, ನೀವು ಇರು ಅಂದರೆ ಇದ್ದಾಳು ಎಂದಳು. ಅವನು ಹೂಂ ಹೂಂ ಎನ್ನುತ್ತ ನಿಂತ. ಫೋನಿಟ್ಟು ಪ್ರೋಟೀನ್ ಸುರಿಯುವಾಗ ಕೊಂಡಿ ಸತ್ತಿರುತ್ತದೆಂದು ಗೊತ್ತಿತ್ತು. ಆದರೂ ಸುರಿದ. ಯಾಕೆಂದು ಈಗಲೂ ಹೊಳೆಯುತ್ತಿಲ್ಲ.

"ಅವಕ್ಕೆ ನಿಮ್ಮ ಮುಖ ಹಿಡಿಸಿಲ್ಲ ಸಾರ್" ಎಂದಳು ಪಕ್ಕದ ಮೇಜಿನ ಸಹಾಯಕಿ.

ಅವನೂ ನಕ್ಕ.

ಒಂದು ಗಾಜಿನ ತಟ್ಟೆಯ ಮೂಲೆಯಲ್ಲಿ ಮಾತ್ರ ಕೋಶಗಳು ಕಾಲು ಚಾಚಿ ಗಟ್ಟಿಯಾಗಿ ಕೂತಿದ್ದವು. ಅಂತೂ ಹಿಡಿದವು ಅಂದುಕೊಂಡ. ಸರಿಯಾಗಿ ನೋಡಿದರೆ ಅಲ್ಲಿ ಜೆಲ್ಲೇ ಹರಿದಿತ್ತು. ಅವು ಹಿಡಿದಿದ್ದು ಅಡಿಯ ಗಾಜನ್ನು.

ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ಅವನೇ ಪ್ರಯೋಗಾಲಯಕ್ಕೆ ಕರೆತಂದ. ಎಸಿಗೆ ನಡುಗುತ್ತಿದ್ದಳು. ತನ್ನ ಕೋಟು ಚಾಚಿದ.

"ಬೇಡ ಅಂಕಲ್."

ಅದನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿದ. ಅವಳು ತುದಿಗಾಲಲ್ಲಿ ನಿಂತು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

"ಇವ್ಯಾಕೆ ಸುಮ್ನೆ ಬಿದ್ದಿವೆ?"

"ಹಿಡ್ಕೊಳ್ಳೋಕೆ ಏನೂ ಸಿಕ್ಕಿಲ್ಲ."

"ಆಮೇಲೆ?"

"ತೊಳೆದ್ರೆ ಹೋಗ್ತವೆ."

ಈಗಲೇ ಹೇಳಿಬಿಡಬೇಕು ಅನ್ನಿಸಿತು. ಇರು ಎಂಬ ಎರಡಕ್ಷರ ನಾಲಿಗೆ ತುದಿಯವರೆಗೂ ಬಂತು. ಹೊರಬಿದ್ದದ್ದು ಬೇರೆ.

"ಅಜ್ಜಿ ಮನೆಗೆ ಹೋಗ್ತೀಯಂತೆ?"

ಅವಳು ಕಣ್ಣು ತೆಗೆಯಲಿಲ್ಲ. "ನೀವು ಹೇಳಿದ ಹಾಗೆ."

ಹಾಗೆಂದರೆ ಏನು? ಹೋಗೆಂದರೆ ಹೋಗುವಳೆ, ಇರೆಂದರೆ ಇರುವಳೆ, ಇಲ್ಲಾ ಏನೆಂದರೂ ಅವಳಿಗೆ ಒಂದೇ ಎಂದೇ? ತಟ್ಟೆ ತೊಳೆದು ಬರುತ್ತೇನೆಂದು ಪಕ್ಕದ ಕೋಣೆಗೆ ಹೋದ. ಕೋಶಗಳು ಒಂದೇ ಸಲಕ್ಕೆ ನೀರಿನೊಡನೆ ಹೊರಟುಹೋದವು. ಹರಿದ ಮೂಲೆಯವು ಮಾತ್ರ ಅಲುಗಲಿಲ್ಲ. ನಲ್ಲಿ ನಿಲ್ಲಿಸಲು ಮರೆತು ಅವನ್ನೇ ನೋಡುತ್ತ ನಿಂತ.

ಬಂದಾಗ ಹುಡುಗಿ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು. ಬೇಡವೆಂದ ಕೋಟಿನ ಒಂದು ತೋಳನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ದಳು. ಮನೆಗೆ ಹೊರಡುವ ಹೊತ್ತು. ಹೆಂಡತಿ ಏನಾಯಿತೆಂದು ಕೇಳುತ್ತಾಳೆ.

ಮೆಲ್ಲನೆ ಕೋಟಿನ ತೋಳನ್ನು ಎಳೆದ. ಪುಟ್ಟ ಮುಷ್ಟಿ ಇನ್ನೂ ಬಿಗಿಯಾಯಿತು.

ಅವನ ಕೈಗಳು ಒದ್ದೆಯಾಗಿದ್ದವು. ಅವಳು ಹಿಡಿದಿದ್ದ ತೋಳು ಹೆಗಲಿನಿಂದ ಕೆಳಗೆ ಚಪ್ಪಟೆಯಾಗಿತ್ತು. ಅದರೊಳಗೆ ಯಾರ ಕೈಯೂ ಇರಲಿಲ್ಲ.