ಹನ್ನೆರಡು ವರ್ಷದ ತರ್ಜುಮೆ

ಲೈಬ್ರರಿಯ ಮೂಲೆಯ ಮೇಜಿಗೆ ನಾಲ್ಕನೆಯ ಕುರ್ಚಿ ಹಾಕಿದ್ದನ್ನು ನೋಡಿಯೇ ಚುಕ್ಕಿ ಬಾಗಿಲಲ್ಲೇ ನಿಂತುಬಿಟ್ಟಳು. ಹೆತ್ತವರ ಭೇಟಿಗೆ ಪ್ರತಿ ಸಲ ಇರುತ್ತಿದ್ದದ್ದು ಮೂರೇ: ಕ್ಲಾಸ್ ಟೀಚರಿಗೊಂದು, ಅಮ್ಮನಿಗೊಂದು, ನಡುವೆ ಇವಳಿಗೊಂದು. ಈ ಸಲ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ಅಮ್ಮನ ಭಾಷೆಯಲ್ಲೇ "ಬನ್ನಿ, ಕೂತ್ಕೊಳ್ಳಿ" ಎಂದರು. ದುಭಾಷಿಯಂತೆ. ಸ್ಕೂಲು ಮುಗಿಸುವ ಮಕ್ಕಳ ಕೊನೆಯ ಭೇಟಿಗೆಂದು ಕರೆಸಿದ್ದಂತೆ.

ಹತ್ತಾರು ದೇಶದ ಮಕ್ಕಳು ಓದುವ ಇಂಟರ್‌ನ್ಯಾಷನಲ್ ಸ್ಕೂಲು ಅದು. ಅಮ್ಮ ಅಲ್ಲಿಯ ಹಾಸ್ಟೆಲಿನ ಬಟ್ಟೆಗೆ ಇಸ್ತ್ರಿ ಹಾಕುವವಳು. ಕೆಲಸದವರ ಮಗಳೆಂದು ಇವಳಿಗೆ ಸೀಟು ಸಿಕ್ಕಿತ್ತು. ಟೀಚರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಕ್ಕಳೇ ಹೆತ್ತವರಿಗೆ ಅವರ ಭಾಷೆಯಲ್ಲಿ ತಿಳಿಸುವುದು ಅಲ್ಲಿನ ಪದ್ಧತಿ. ಎಂಥ ಭೋಳೆ ನಂಬಿಕೆ ನೋಡಿ!

ಮೊದಮೊದಲು ಸಣ್ಣಪುಟ್ಟದ್ದೇ. ಎರಡನೆಯ ಕ್ಲಾಸಿನಲ್ಲಿ "ಇವಳು ಯಾರ ಜೊತೆಗೂ ಸೇರೋದಿಲ್ಲ, ಒಬ್ಬಳೇ ಕೂತು ಊಟ ಮಾಡ್ತಾಳೆ" ಎಂದು ಟೀಚರು ಪೇಚಾಡಿದರೆ, ಚುಕ್ಕಿ ಅಮ್ಮನಿಗೆ ಹೇಳಿದ್ದು "ನಾನು ತುಂಬಾ ಶಾಂತ ಹುಡುಗಿಯಂತೆ" ಎಂದು. ಅಮ್ಮನ ಮುಖ ಊರಗಲ ಆಯಿತು. ಆ ಮುಖ ನೋಡಿದ ಮೇಲೆ ಸುಳ್ಳು ರೂಢಿಯಾಗಿಹೋಯಿತು. ಏಳನೆಯದರಲ್ಲಿ ಅಮ್ಮ "ಇಸ್ತ್ರಿ ಬಿಟ್ಟು ನಾಟಕಕ್ಕೆ ಬರೋಕಾಗಲ್ಲ ಅಂತ ಹೇಳು" ಎಂದರೆ, ಇವಳು ಟೀಚರಿಗೆ "ಅಮ್ಮನಿಗೆ ಜ್ವರ" ಎಂದಳು. ಇಸ್ತ್ರಿಯ ಹೆಸರೆತ್ತಲು ಇವಳಿಗೆ ನಾಚಿಕೆ.

ಹೋದ ತಿಂಗಳಿನದು ಮಾತ್ರ ಸಣ್ಣದಲ್ಲ. ಗಣಿತದಲ್ಲಿ ಎರಡು ಸಲವೂ ಫೇಲು, ಗ್ರಾಜುಯೇಷನ್ ದಿನ ವೇದಿಕೆ ಹತ್ತಬಹುದು, ಆದರೆ ಕಾಲೇಜಿಗೆ ಸೇರಲು ಬೇಕಾದ ಪತ್ರ ಸಿಗದು ಎಂದಿದ್ದರು ಟೀಚರು. "ಎಲ್ಲಾ ಪಾಸ್, ಅಮ್ಮ" ಎಂದುಬಿಟ್ಟಿದ್ದಳು ಇವಳು. ಅಂದಿನಿಂದ ಮಗಳ ಕಾಲೇಜಿನ ವಿಷಯ ಇಸ್ತ್ರಿ ರೂಮಿನಲ್ಲಿ ಡಂಗುರವಾಗಿತ್ತು.

ಟೀಚರು ಫೈಲು ಬಿಡಿಸಿ ಅದೇ ಮಾತನ್ನು ಮತ್ತೆ ಹೇಳಿದರು. ಚುಕ್ಕಿ ಕುರ್ಚಿಯ ಅಂಚಿಗೆ ಸರಿದಳು. ಮುಗೀತು ಕಥೆ, ಇನ್ನೊಂದು ಉಸಿರಿನಲ್ಲಿ ಈ ಹೆಂಗಸು ಎಲ್ಲವನ್ನೂ ಬಿಚ್ಚಿಡುತ್ತಾಳೆ! ದುಭಾಷಿ ಅಮ್ಮನತ್ತ ಬಾಗಿ ಬಾಯಿ ತೆರೆದರು.

ಅಮ್ಮ ನಗುತ್ತಾ ಕೈ ಅಡ್ಡ ಹಿಡಿದಳು. "ತಪ್ಪು ತಿಳ್ಕೋಬೇಡಿ ಮೇಡಂ. ನನ್ನ ಮಗಳೇ ಹೇಳ್ಲಿ. ಇಷ್ಟು ವರ್ಷ ಇವಳ ಬಾಯಿಂದ್ಲೇ ಕೇಳಿದೀನಿ. ಕೊನೇ ಸಲವೂ ಹಾಗೇ ಆಗ್ಲಿ."

ದುಭಾಷಿ ಹಿಂದಕ್ಕೆ ಒರಗಿ ಚುಕ್ಕಿಯನ್ನೇ ನೋಡತೊಡಗಿದರು. ಎರಡೂ ಭಾಷೆ ಬಲ್ಲ ಕಿವಿ ಅದು. ಚುಕ್ಕಿ ಕಣ್ಣು ಮುಚ್ಚಿ ಹೇಳಿಬಿಟ್ಟಳು.

"ಅಮ್ಮ, ನಾನು ಪಾಸಾಗಿಲ್ಲ. ಗಣಿತ ಎರಡು ಸಲವೂ ಹೋಯ್ತು. ಕಾಲೇಜಲ್ಲಿ ಸೇರ್ಸ್ಕೊಳ್ಳಲ್ಲ. ಹೋದ ತಿಂಗಳೇ ಹೇಳಿದ್ರು, ನಾನು ನಿಂಗೆ ಸುಳ್ಳು ಹೇಳ್ದೆ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ದುಭಾಷಿಯ ಕಡೆ ತಿರುಗಿದಳು.

"ಟೀಚರು ಹೇಳಿದ್ದು ಇದೇನಾ ಮೇಡಂ? ನೀವೇ ಹೇಳಿ."